ಇಬ್ಬರು ಮಕ್ಕಳು, ಮೂರು ವಾರದ ಲಂಡನ್ ಪ್ರಯಾಣ: ಯಾವ ಡಬಲ್ ಸ್ಟ್ರಾಲರ್ ತಗೊಳ್ಳಲಿ?

ಪ್ರಶ್ನೆ (ಇಬ್ಬರು ಮಕ್ಕಳ ಅಮ್ಮ, ಬೆಂಗಳೂರು):
ಸರ್, ನಮಸ್ಕಾರ. ಮಗನಿಗೆ ಎರಡೂ ಮುಕ್ಕಾಲು ವರ್ಷ, 13 ಕೆಜಿ. ಮಗಳಿಗೆ ಏಳು ತಿಂಗಳು, 7 ಕೆಜಿ. ಡಿಸೆಂಬರ್‌ನಲ್ಲಿ ಮೂರು ವಾರ ಲಂಡನ್‌ಗೆ, ಅಕ್ಕನ ಮನೆಗೆ ಹೊರಟಿದ್ದೇವೆ. ಡಬಲ್ ಸ್ಟ್ರಾಲರ್ (ಇಬ್ಬರು ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ) ಕೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ನೋಡಿ ನೋಡಿ ತಲೆ ಕೆಟ್ಟುಹೋಗಿದೆ. ಮಕ್ಕಳು ಪಕ್ಕಪಕ್ಕ ಕೂರುವುದು ಒಳ್ಳೆಯದೋ, ಹಿಂದೆಮುಂದೆ ಕೂರುವುದೋ? ವಾಪಸ್ ಬಂದ ಮೇಲೆ ಇಲ್ಲೂ ಬಳಸಬೇಕು. "ನಾವೆಲ್ಲ ಸೊಂಟದ ಮೇಲೇ ಸಾಕಲಿಲ್ವಾ, ಗಾಡಿ ಯಾಕೆ" ಅನ್ನುತ್ತಾರೆ ಅತ್ತೆ.

ಉತ್ತರ (ಸ್ಟ್ರಾಲರ್ ಬಾಡಿಗೆ ಮತ್ತು ರಿಪೇರಿ ಅಂಗಡಿಯವರು):
ಮೇಡಂ, ಮೊದಲು ನಾನೇ ಮೂರು ಪ್ರಶ್ನೆ ಕೇಳುತ್ತೇನೆ. ವಿಮಾನದಲ್ಲಿ ನಿಮ್ಮ ಜೊತೆ ಇನ್ನೊಬ್ಬರು ದೊಡ್ಡವರು ಇರುತ್ತಾರಾ? ಅಕ್ಕನ ಮನೆಯ ಬಾಗಿಲು ಎಷ್ಟು ಅಗಲ? ಮಗ ಎಷ್ಟು ಹೊತ್ತು ನಡೆಯುತ್ತಾನೆ?

ಇಬ್ಬರು ಮಕ್ಕಳ ಅಮ್ಮ:
ಹೋಗುವಾಗ ನಾನೊಬ್ಬಳೇ. ಯಜಮಾನರು ಹತ್ತು ದಿನ ಬಿಟ್ಟು ಬರುತ್ತಾರೆ. ಅಕ್ಕ ಟೇಪ್ ಹಿಡಿದು ಅಳೆದಳು: ಮುಂಬಾಗಿಲು ಪೂರ್ತಿ ತೆರೆದಾಗ 78 ಸೆಂ.ಮೀ., ಒಳಗಿನ ಬಾಗಿಲು 71. ಮಗ ಅರ್ಧ ಗಂಟೆ ನಡೆಯುತ್ತಾನೆ. ಆಮೇಲೆ ಎಲ್ಲಿದ್ದಾನೋ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾನೆ.

ಉತ್ತರ:
ಅಕ್ಕನಿಗೆ ಥ್ಯಾಂಕ್ಸ್ ಹೇಳಿ. ಹತ್ತರಲ್ಲಿ ಒಂಬತ್ತು ಜನ ಗಾಡಿ ಅಳೆಯುತ್ತಾರೆ, ಬಾಗಿಲು ಅಳೆಯುವುದಿಲ್ಲ.

ಪಕ್ಕಪಕ್ಕದ ಗಾಡಿಗಳ ಅಗಲ ಸಾಮಾನ್ಯವಾಗಿ 74ರಿಂದ 78 ಸೆಂ.ಮೀ. ಇರುತ್ತದೆ. ಇಂಗ್ಲೆಂಡಿನ ಮನೆಗಳ ಒಳಬಾಗಿಲು ಹೆಚ್ಚಾಗಿ 76 ಸೆಂ.ಮೀ. ಹಲಗೆ. ಚೌಕಟ್ಟಿನ ಪಟ್ಟಿ, ಬಾಗಿಲಿನ ದಪ್ಪ ಕಳೆದರೆ ಓಡಾಡಲು ಸಿಗುವ ಜಾಗ ಇನ್ನೂ ಕಡಿಮೆ. ಅಂದರೆ 74ರ ಗಾಡಿ ನಿಮ್ಮಕ್ಕನ ಮುಂಬಾಗಿಲು ದಾಟುತ್ತದೆ, ಒಳಬಾಗಿಲು ದಾಟುವುದಿಲ್ಲ. ಪ್ಯಾಸೇಜಿನಲ್ಲೇ ಮಡಚಿ ನಿಲ್ಲಿಸಬೇಕು. ಅದು ದೊಡ್ಡ ತೊಂದರೆ ಅಲ್ಲ.

ಹಿಂದೆಮುಂದೆ ಕೂರುವ ಗಾಡಿ ಒಂಟಿ ಗಾಡಿಯಷ್ಟೇ ಅಗಲ, ಎಲ್ಲ ಬಾಗಿಲಲ್ಲೂ ನುಗ್ಗುತ್ತದೆ. ಆದರೆ ಉದ್ದ. ಮೆಟ್ಟಿಲಿನಂಥ ಅಂಚು ಬಂದಾಗ ಹಿಡಿ ಒತ್ತಿ ಮುಂದಿನ ಚಕ್ರ ಎತ್ತಬೇಕಲ್ಲ, ಮುಂದೆ 13 ಕೆಜಿ ಮಗ ಕೂತಿದ್ದರೆ ಅದು ಸುಲಭಕ್ಕೆ ಏಳುವುದಿಲ್ಲ. ಹಿಂದೆ ಕೂತ ಮಗುವಿಗೆ ಕಾಲು ಚಾಚಲು ಜಾಗ ಇರುವುದಿಲ್ಲ. ಗಾಡಿಯ ತೂಕವೂ ಎಷ್ಟೋ ಸಲ 13 ಕೆಜಿ ದಾಟುತ್ತದೆ. ನೀವೇ ಕೂಡಿಸಿ: ಗಾಡಿ 13, ಮಗ 13, ಮಗಳು 7. ಒಟ್ಟು 33 ಕೆಜಿ. ಲಿಫ್ಟ್ ಇಲ್ಲದ ಕಡೆ ಯಾರು ಎತ್ತುವವರು?

ಬೆಂಗಳೂರಿನಲ್ಲಿ ಡಬಲ್ ಗಾಡಿಯ ಆಸೆ ಬಿಟ್ಟುಬಿಡಿ. ನಮ್ಮ ಫುಟ್‌ಪಾತ್ ಮೇಲೆ ಒಂದು ಕಡೆ ಮರದ ಬೇರು, ಇನ್ನೊಂದು ಕಡೆ ನಿಲ್ಲಿಸಿದ ಸ್ಕೂಟರ್. ಒಂಟಿ ಗಾಡಿಯೇ ಹೋಗುವುದಿಲ್ಲ. ಕ್ಯಾಬ್ ಕರೆದರೆ ಡಿಕ್ಕಿ ತುಂಬಾ ಸಿಎನ್‌ಜಿ ಸಿಲಿಂಡರ್. ಆಮೇಲೆ ಗಾಡಿ ನಿಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಬಳಕೆಯಾಗುತ್ತದೆ, ಅಷ್ಟೇ. ಇನ್ನು ಮೂರು ತಿಂಗಳಿಗೆ ಮಗನಿಗೆ ಮೂರು ವರ್ಷ, ಕೂರು ಅಂದರೂ ಕೂರುವುದಿಲ್ಲ.

ಹಾಗಾಗಿ ನನ್ನ ಸಲಹೆ: ಡಬಲ್ ಕೊಳ್ಳಬೇಡಿ. ಚಿಕ್ಕದಾಗಿ ಮಡಚುವ ಒಂದು ಒಂಟಿ ಗಾಡಿ ತಗೊಳ್ಳಿ. ಅದರಲ್ಲಿ ಮಗನನ್ನು ಕೂರಿಸಿ, ಮಗಳನ್ನು ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಳ್ಳಿ. ವಾಪಸ್ ಬಂದ ಮೇಲೆ ಆ ಗಾಡಿ ಮಗಳಿಗೆ ಇನ್ನೂ ಎರಡು ವರ್ಷ ಬರುತ್ತದೆ.

ಇಬ್ಬರು ಮಕ್ಕಳ ಅಮ್ಮ:
ಸರ್, ಒಂದು ಮಾತು ಬಿಟ್ಟುಹೋಯಿತು. ಎರಡನೇ ಹೆರಿಗೆ ಆದಾಗಿನಿಂದ ಬೆನ್ನು ನೋವು. ಹತ್ತು ನಿಮಿಷ ಎತ್ತಿಕೊಂಡರೂ ಆಗುತ್ತಿಲ್ಲ. ಅದಕ್ಕೇ ಡಬಲ್ ಅಂದಿದ್ದು.

ಉತ್ತರ:
ಇದನ್ನು ಮೊದಲೇ ಹೇಳಬಾರದಿತ್ತಾ! ಹಾಗಾದರೆ ಕ್ಯಾರಿಯರ್ ಮಾತು ಬಿಡಿ. ಪಕ್ಕಪಕ್ಕ ಕೂರುವ, 9–10 ಕೆಜಿಯ ಹಗುರ ಗಾಡಿಯನ್ನು ಮೂರು ವಾರಕ್ಕೆ ಬಾಡಿಗೆಗೆ ತಗೊಳ್ಳಿ. ನನ್ನ ವ್ಯಾಪಾರಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ನೆಂಟರ ಹತ್ತಿರ ಇದ್ದರೆ ಕಡ ತನ್ನಿ, ಇನ್ನೂ ಒಳ್ಳೆಯದು. ಒಂದೇ ಮಾತು, ಎರಡು ಸೀಟೂ ಬೇರೆ ಬೇರೆ ಒರಗುವಂತಿರಬೇಕು. ಒಬ್ಬಳು ಮಲಗಿದಾಗ ಇನ್ನೊಬ್ಬ ಎದ್ದಿರುತ್ತಾನೆ.

ತೂಕದ ಮಿತಿಯನ್ನೂ ನೋಡಿ. ಸೀಟಿಗೆ 15 ಕೆಜಿ ಮಿತಿಯ ಗಾಡಿಗಳೇ ಜಾಸ್ತಿ, 22 ಕೆಜಿವರೆಗಿನವೂ ಇವೆ. ಮಗ ಈಗ 13. ಲಂಡನ್ ಚಳಿಗೆ ದಪ್ಪ ಜಾಕೆಟ್, ಬೂಟು ಹಾಕಿಸಿದರೆ 15ರ ಹತ್ತಿರ ಬಂದಾಯಿತು. ನಿಮಗೆ 22ರದ್ದೇ ಬೇಕು. ಒಂದು ಕಡೆ ಭಾರ ಜಾಸ್ತಿ ಇರುವುದರಿಂದ ಗಾಡಿ ಮಗನ ಕಡೆಗೆ ಎಳೆಯುತ್ತದೆ. ಕೆಟ್ಟಿದೆ ಅಂತ ಗಾಬರಿ ಆಗಬೇಡಿ.

ಸದಸ್ಯೆ (ಲಂಡನ್‌ನಲ್ಲಿರುವ ಕನ್ನಡತಿ):
ನಡುವೆ ಬಾಯಿ ಹಾಕುತ್ತಿದ್ದೇನೆ. ಇಲ್ಲಿ ಸ್ಟ್ರಾಲರ್ ಅಂದರೆ ಕೆಲವರಿಗೆ ಥಟ್ಟನೆ ಹೊಳೆಯಲ್ಲ, ಪುಶ್‌ಚೇರ್ ಅಥವಾ ಬಗ್ಗಿ ಅನ್ನಿ. ಹೀಥ್ರೂ ಏರ್‌ಪೋರ್ಟ್‌ನಲ್ಲಿ ಇಳಿದರೆ ಎಲಿಜಬೆತ್ ಲೈನ್ ರೈಲು ಹಿಡಿಯಿರಿ. 2022ರಲ್ಲಿ ಶುರುವಾದ ಲೈನ್, ಎಲ್ಲ ಸ್ಟೇಷನ್‌ನಲ್ಲೂ ಮೆಟ್ಟಿಲು ಹತ್ತದೆ ಹೋಗಬಹುದು. ಹಳೆಯ ಟ್ಯೂಬ್ (ನೆಲದಡಿಯ ಮೆಟ್ರೋ) ಸ್ಟೇಷನ್‌ಗಳಲ್ಲಿ ಹೆಚ್ಚಿನ ಕಡೆ ಆ ಸೌಕರ್ಯ ಇಲ್ಲ. ಬಸ್ಸಿನಲ್ಲಿ ಗಾಡಿ ನಿಲ್ಲಿಸುವ ಜಾಗ ಗಾಲಿಕುರ್ಚಿಯವರದ್ದು. ಅವರು ಬಂದರೆ ನೀವು ಮಡಚಿ ಜಾಗ ಬಿಡಬೇಕು. ಆಗ ಎರಡು ಮಕ್ಕಳು, ಒಂದು ಗಾಡಿ, ಎರಡೇ ಕೈ! ನಾನು ಇಳಿದು ಮುಂದಿನ ಬಸ್ಸಿಗೆ ಕಾದಿದ್ದೂ ಇದೆ. ಕಪ್ಪು ಟ್ಯಾಕ್ಸಿಯಲ್ಲಿ ರ‍್ಯಾಂಪ್ ಇರುತ್ತದೆ, ದುಬಾರಿ ಆದರೂ ಮೊದಲ ದಿನ ಅದೇ ಸುಖ. ಮಳೆ ಕವರ್ ಮರೆಯಬೇಡಿ.

ಸದಸ್ಯ (ಮೈಸೂರು):
ಗಾಡಿಯನ್ನು ವಿಮಾನದ ಒಳಗೇ ಒಯ್ಯಬಹುದಲ್ವಾ? ಕೆಲವು ಒಂಟಿ ಗಾಡಿಗಳನ್ನು ತಲೆ ಮೇಲಿನ ಗೂಡಲ್ಲಿ ಇಡುತ್ತಾರೆ.

ಉತ್ತರ:
ಸಣ್ಣದಾಗಿ ಮಡಚುವ ಒಂಟಿ ಗಾಡಿ ಕೆಲವು ವಿಮಾನಗಳಲ್ಲಿ ಹೋಗುತ್ತದೆ. ಡಬಲ್ ಹೋಗುವುದಿಲ್ಲ. ಹತ್ತುವ ಬಾಗಿಲವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಚೀಟಿ ಕಟ್ಟಿಸಿ ಕೊಡಬೇಕು. ವಾಪಸ್ ಎಲ್ಲಿ ಸಿಗುತ್ತದೆ ಅಂತ ಚೆಕ್-ಇನ್‌ನಲ್ಲೇ ಕೇಳಿಕೊಳ್ಳಿ. ಕೆಲವೊಮ್ಮೆ ಬಾಗಿಲಲ್ಲೇ ಸಿಗುತ್ತದೆ, ಕೆಲವೊಮ್ಮೆ ಲಗೇಜ್ ಬೆಲ್ಟ್ ಹತ್ತಿರ. ಅಲ್ಲಿಯವರೆಗೆ ಮಗಳನ್ನು ಎತ್ತಿಕೊಂಡು ಮಗನನ್ನು ನಡೆಸುವುದು ಮೇಡಂಗೆ ಕಷ್ಟ. ಒಬ್ಬರೇ ಇದ್ದೀರಿ ಅಂತ ಟಿಕೆಟ್ ಮಾಡಿಸುವಾಗಲೇ ವಿಮಾನ ಕಂಪನಿಗೆ ಸಹಾಯ ಕೇಳಿಡಿ.

ನನ್ನ ಒಂದು ಗಾಡಿ ಹೀಗೇ ಹೋಗಿ ಮುಂದಿನ ಚಕ್ರ ಇಲ್ಲದೆ ವಾಪಸ್ ಬಂತು. ಗ್ರಾಹಕರು ಮನೆಗೆ ಹೋಗಿ, ಎರಡು ವಾರ ಬಿಟ್ಟು ನನಗೆ ಹೇಳಿದರು. ಅಷ್ಟೊತ್ತಿಗೆ ಕಾಲ ಮೀರಿತ್ತು. ವಿದೇಶ ಪ್ರಯಾಣದಲ್ಲಿ ಲಗೇಜ್ ಹಾಳಾದರೆ ಕೈಗೆ ಬಂದ 7 ದಿನದೊಳಗೆ ಬರೆದು ದೂರು ಕೊಡಬೇಕು. ಏರ್‌ಪೋರ್ಟ್ ಬಿಡುವ ಮುಂಚೆಯೇ ಕೌಂಟರ್‌ನಲ್ಲಿ ಬರೆಸಿದರೆ ಇನ್ನೂ ಗಟ್ಟಿ. ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬಿಚ್ಚಲು ಬರುವ ಲೋಟದ ಗೂಡು, ಮಳೆ ಕವರ್ ಎಲ್ಲ ಬಿಚ್ಚಿ ಬ್ಯಾಗಿಗೆ ಹಾಕಿ.

ಇಬ್ಬರು ಮಕ್ಕಳ ಅಮ್ಮ:
ಡೈಪರ್ ಬ್ಯಾಗ್ ಹಿಡಿಗೆ ನೇತುಹಾಕಬಹುದಾ?

ಉತ್ತರ:
ಬೇಡ. ಮಗ ಪಟ್ಟನೆ ಇಳಿದರೆ ಮುಂದಿನ ಭಾರ ಹೋಗಿ ಗಾಡಿ ಹಿಂದಕ್ಕೆ ಮಗುಚುತ್ತದೆ, ಮಗಳು ಒಳಗೇ ಇರುತ್ತಾಳೆ. ಬ್ಯಾಗ್ ಕೆಳಗಿನ ಬುಟ್ಟಿಯಲ್ಲಿಡಿ. ಮಡಚುವಾಗಲೂ ಬಿಚ್ಚುವಾಗಲೂ ಮಗನನ್ನು ಒಂದು ಹೆಜ್ಜೆ ದೂರ ನಿಲ್ಲಿಸಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ಮಡಚುವ ಕೀಲುಗಳಿಗೆ ಕವರ್ ಕೊಡಬೇಕಾಯಿತು. ಮಕ್ಕಳ ಬೆರಳ ತುದಿ ಅದರಲ್ಲಿ ಸಿಕ್ಕಿ ತುಂಡಾಗಿತ್ತು.

ಶನಿವಾರ ಅಂಗಡಿಗೆ ಇಬ್ಬರನ್ನೂ ಕರೆದುಕೊಂಡು ಬನ್ನಿ. ಮಗಳ ತೂಕದ ಅಕ್ಕಿ ಚೀಲ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಗಾಡಿ ಮಡಚಿ ನೋಡಿ. ಬೆನ್ನು ಹಿಡಿಯಿತು ಅಂದರೆ ಬೇರೆ ಗಾಡಿ ತೋರಿಸುತ್ತೇನೆ.

ಇಬ್ಬರು ಮಕ್ಕಳ ಅಮ್ಮ:
ಬರುತ್ತೇನೆ ಸರ್. ಅತ್ತೆಯೂ ನೋಡಬೇಕಂತೆ.