ಐಸೊಪ್ರೀನ್ ಬೆರೆತರೆ ಹೊಸ ಕಣಗಳು ಹುಟ್ಟುವುದಿಲ್ಲವೇಕೆ?

ಪ್ರಶ್ನೆ:
ಫಿನ್ಲೆಂಡಿನ ಹ್ಯೂಟಿಯಾಲಾದ ಪೈನ್ ಕಾಡಿನಲ್ಲಿ ವಸಂತದ ಬಿಸಿಲು ದಿನಗಳಲ್ಲಿ 1–2 ನ್ಯಾನೊಮೀಟರಿನ ಕಣಗಳು ಹೊಸದಾಗಿ ಹುಟ್ಟಿ, ಗಂಟೆಗೆ ಕೆಲವು ನ್ಯಾನೊಮೀಟರಿನಂತೆ ಬೆಳೆಯುತ್ತವೆ. ಮರಗಳು ಹೊರಬಿಡುವ ಐಸೊಪ್ರೀನಿನಂಥ ಅನಿಲಗಳಲ್ಲಿ ಅಮೆಜಾನ್ ಕಾಡು ಇದಕ್ಕಿಂತ ಎಷ್ಟೋ ಮುಂದೆ, ಆದರೂ ನೆಲಮಟ್ಟದಲ್ಲಿ ಕಣ ಹುಟ್ಟುವುದು ಅಪರೂಪ. ಪ್ರಯೋಗದ ಮುಚ್ಚಿದ ಕೋಣೆಯಲ್ಲೂ (ಚೇಂಬರ್) ಅಷ್ಟೇ: ಪೈನ್ ಮರದ ಅನಿಲ ಆಲ್ಫಾ-ಪೈನೀನ್ ಜೊತೆ ಓಝೋನ್ ಬಿಟ್ಟರೆ ಕಣ ಬರುತ್ತವೆ, ಐಸೊಪ್ರೀನ್ ಸೇರಿಸಿದರೆ ಕಡಿಮೆಯಾಗುತ್ತವೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು (ಗಾಳಿಯಲ್ಲಿನ ಅನಿಲಗಳನ್ನು ಉತ್ಕರ್ಷಿಸುವ, ಬಹುಬೇಗ ವರ್ತಿಸುವ OH) ಐಸೊಪ್ರೀನ್ ಖಾಲಿ ಮಾಡುವುದೇ ಕಾರಣವೇ?

ಉತ್ತರ 1:
ಜರ್ಮನಿಯ ಯೂಲಿಖ್‌ನಲ್ಲಿ ನಡೆದ 2009ರ ಸಸ್ಯ-ಚೇಂಬರ್ ಪ್ರಯೋಗ ಕೊಟ್ಟ ವಿವರಣೆ ಅದೇ. ಆದರೆ ಆಲ್ಫಾ-ಪೈನೀನ್ ಓಝೋನ್ ಜೊತೆ ನೇರವಾಗಿಯೇ ವರ್ತಿಸುತ್ತದೆ, ಹೈಡ್ರಾಕ್ಸಿಲ್ ಕಾಯುವುದಿಲ್ಲ. ಹಾಗಾಗಿ ಅದೊಂದೇ ಸಾಲದು. ಯುರೋಪಿನ ಸರ್ನ್ ಪ್ರಯೋಗಾಲಯದ ‘ಕ್ಲೌಡ್’ (CLOUD) ಎಂಬ ಪ್ರಯೋಗದ ಚೇಂಬರ್ ತೋರಿಸಿದ್ದು ಇನ್ನೊಂದು ದಾರಿ. ಪೈನೀನ್‌ನಿಂದ ಬಂದ 10 ಕಾರ್ಬನ್ನಿನ ಪೆರಾಕ್ಸಿ ರ‍್ಯಾಡಿಕಲ್ (ಆಮ್ಲಜನಕ ಅಂಟಿದ, ಬೇಗ ವರ್ತಿಸುವ ಅಣು) ತನ್ನೊಳಗೇ ಹೈಡ್ರೊಜನ್ ಸರಿಸಿಕೊಂಡು ಆಮ್ಲಜನಕ ಸೇರಿಸಿಕೊಳ್ಳುತ್ತಾ ಹೋಗುತ್ತದೆ. ಅಂಥ ಎರಡು ಜೋಡಿಯಾದರೆ 20 ಕಾರ್ಬನ್ನಿನ ಡೈಮರ್ (ಜೋಡಿ ಅಣು), ಅದು ಆವಿಯಾಗುವುದೇ ಇಲ್ಲವೆನ್ನಬಹುದು. ಕಣದ ಬೀಜ ಅದೇ. ಐಸೊಪ್ರೀನ್‌ನ 5 ಕಾರ್ಬನ್ನಿನ ರ‍್ಯಾಡಿಕಲ್ ನಡುವೆ ಬಂದು ಮೊದಲೇ ಸೇರಿಕೊಂಡರೆ 15 ಅಥವಾ ಅದಕ್ಕೂ ಕಡಿಮೆ ಕಾರ್ಬನ್ನಿನ ಅಣುಗಳಾಗುತ್ತವೆ. ಬೀಜ ಕಟ್ಟುವ ಶಕ್ತಿ ಅವಕ್ಕೆ ಕಡಿಮೆ. ನೈಟ್ರಿಕ್ ಆಕ್ಸೈಡ್ ಹೆಚ್ಚಿದ್ದರೂ ಡೈಮರ್ ಪ್ರಮಾಣ ಕುಸಿಯುತ್ತದೆ, ಸಿಲಿಂಡರ್ ಗಾಳಿಯಲ್ಲಿ ಅದು ಉಳಿದಿದೆಯೇ ಮೊದಲು ನೋಡಿ.

ಉತ್ತರ 2:
ಅಳತೆಯನ್ನೂ ಅನುಮಾನಿಸಿ. ಕಣ ಎಣಿಸುವ ಯಂತ್ರದ ಕೆಳಮಿತಿ 3 ನ್ಯಾನೊಮೀಟರ್ ಇದ್ದರೆ, ಹುಟ್ಟೇ ಕಡಿಮೆಯಾಯಿತೋ ಅಥವಾ ಬೆಳವಣಿಗೆ ನಿಧಾನವಾಗಿ ಕಣಗಳು ಗೋಡೆಗೆ ಅಂಟಿದವೋ ಗೊತ್ತಾಗದು. 1–3 ನ್ಯಾನೊಮೀಟರ್ ಎಣಿಸುವ ಯಂತ್ರ ಬೇಕೇ ಬೇಕು. ಪ್ರೋಟಾನ್ ವರ್ಗಾವಣೆ ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ ಐಸೊಪ್ರೀನ್ ದ್ರವ್ಯರಾಶಿ ಸಂಖ್ಯೆ 69ರಲ್ಲಿ, ಪೈನೀನ್‌ನಂಥ 10 ಕಾರ್ಬನ್ನಿನ ಮೊನೊಟರ್ಪೀನ್‌ಗಳೆಲ್ಲ 137 ಮತ್ತು 81ರಲ್ಲಿ ಒಟ್ಟಾಗಿ ಬರುತ್ತವೆ. ಪೈನೀನೋ ಲಿಮೊನೀನೋ ಎಂದು ಬಿಡಿಸಲು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಬೇಕು. ಗಿಡದ ರೆಂಬೆಯಿಂದಲೇ ಅನಿಲ ತರುವುದಾದರೆ ಚೀಲ ಕಟ್ಟಿದ ಮೇಲೆ ಒಂದು ದಿನ ಬಿಡಿ. ಎಲೆ ಜಜ್ಜಿದಾಗ ಮೊನೊಟರ್ಪೀನ್ ಒಮ್ಮೆಲೇ ಏರಿ ಲೆಕ್ಕ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಅಮೆಜಾನಿನ ಮೋಡಗಳಿಗೆ ಬೀಜ, ಅಂದರೆ ಹನಿ ಕೂರಲು ಬೇಕಾದ ಕಣಗಳು, ಎಲ್ಲಿಂದ?

ಉತ್ತರ 1:
ಮೇಲಿನಿಂದ! ಗುಡುಗು ಮೋಡಗಳು ರಾತ್ರಿ ಐಸೊಪ್ರೀನನ್ನು 8–15 ಕಿಲೋಮೀಟರ್ ಎತ್ತರಕ್ಕೆ ಒಯ್ಯುತ್ತವೆ. ಬೆಳಗಿನ ಬಿಸಿಲಿಗೆ ಹೈಡ್ರಾಕ್ಸಿಲ್ ಹುಟ್ಟುತ್ತದೆ, ಮಿಂಚಿನ ನೈಟ್ರೊಜನ್ ಆಕ್ಸೈಡ್‌ಗಳೂ ಅಲ್ಲಿರುತ್ತವೆ. ಮೈನಸ್ 30ರಿಂದ ಮೈನಸ್ 50 ಡಿಗ್ರಿಯ ಚಳಿಯಲ್ಲಿ, ನೆಲದಲ್ಲಿ ಆವಿಯಾಗಿ ಹೋಗುತ್ತಿದ್ದ ಉತ್ಪನ್ನಗಳೇ ಕಣ ಕಟ್ಟುತ್ತವೆ. ಇದನ್ನು 2024ರಲ್ಲಿ ವಿಮಾನದ ಅಳತೆಗಳೂ ಕ್ಲೌಡ್ ಪ್ರಯೋಗಗಳೂ ತೋರಿಸಿವೆ. ಅಲ್ಲಿಂದ ಕೆಳಗಿಳಿಯುತ್ತಾ 50–100 ನ್ಯಾನೊಮೀಟರಿಗೆ ಬೆಳೆದ ಕಣಗಳ ಮೇಲೆ ಮೋಡದ ಹನಿ ಕೂರುತ್ತದೆ. ನಿಮ್ಮ ಚೇಂಬರ್ ತಂಪಾಗಿಸಲು ಬರುವುದಾದರೆ ಮೈನಸ್ 30ರಲ್ಲಿ ಅದೇ ಮಿಶ್ರಣ ಹಾಕಿ ನೋಡಿ.