ಹಳೆಯ ಡೋಜರಿನ ಬ್ಲೇಡ್ ತಾನಾಗಿ ಕೆಳಗಿಳಿಯುತ್ತಿದೆ

ಪ್ರಶ್ನೆ (ಬದಿಯಡ್ಕ):
ಅಡಿಕೆ ತೋಟಕ್ಕೆ ಗುಡ್ಡ ಸಮತಟ್ಟು ಮಾಡಲು ಅಪ್ಪ ತಂದ ಚೈನ್ ಡೋಜರ್ ಇದು. ಗುಜರಿಗೆ ಹಾಕಲು ಮನಸ್ಸಿಲ್ಲ. ಬ್ಲೇಡ್ ಎತ್ತಿ ಲಿವರ್ ಬಿಟ್ಟರೆ ಮೆಲ್ಲನೆ ಇಳಿಯುತ್ತದೆ. ಬ್ಲೇಡ್ ಎತ್ತುವ ಎಡಗಡೆಯ ಹೈಡ್ರಾಲಿಕ್ ಸಿಲಿಂಡರಿನ ರಾಡ್ ಸದಾ ಎಣ್ಣೆಯಲ್ಲಿ ಒದ್ದೆ. ಎಣ್ಣೆ ತಡೆಯುವ ಹೊಸ ಸೀಲ್ ಹಾಕಿಸಿದರೂ ಮಳೆಗಾಲ ದಾಟಲಿಲ್ಲ.

ಉತ್ತರ (ಮುಳ್ಳೇರಿಯ):
ಬ್ಲೇಡನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ತೆಗೆಯಿರಿ. ರಾಡನ್ನು ಒರೆಸಿ ಉದ್ದಕ್ಕೂ ಉಗುರಿನಿಂದ ಸವರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಗುಳಿ ಅಥವಾ ಗೀರು ಇದೆ. ಅದು ಎಂಥ ಒಳ್ಳೆಯ ಸೀಲನ್ನೂ ಹರಿದುಹಾಕುತ್ತದೆ. ಗ್ರೈಂಡ್ ಮಾಡಿಸಿ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮಿಯಂ ಲೇಪ) ಹಾಕಿಸಿ. ನಮ್ಮ ಮಳೆಗೆ, ನಿಲ್ಲಿಸುವಾಗ ಹೊರಗಿರುವ ರಾಡಿಗೆ ಗ್ರೀಸ್ ಬಳಿಯಲೇಬೇಕು.

ಉತ್ತರ (ಮಂಜೇಶ್ವರ):
ಬ್ಲೇಡ್ ಇಳಿಯಲು ಆ ಸೋರಿಕೆಯೊಂದೇ ಕಾರಣ ಎನ್ನಬೇಡಿ. ಸಿಲಿಂಡರಿನೊಳಗಿನ ಪಿಸ್ಟನ್ ಸೀಲ್ ಅಥವಾ ಕಂಟ್ರೋಲ್ ವಾಲ್ವಿನ ಸ್ಪೂಲ್ (ಎಣ್ಣೆಯ ದಾರಿ ತೆರೆದು ಮುಚ್ಚುವ ಒಳಕಡ್ಡಿ) ಸವೆದಿರಬಹುದು. ಸೋರಿಕೆ ಹುಡುಕಲು ಕೈ ಇಡಲೇಬೇಡಿ, ರಟ್ಟು ಹಿಡಿಯಿರಿ. ಒತ್ತಡದ ಎಣ್ಣೆ ಚರ್ಮದೊಳಗೆ ನುಗ್ಗಿದರೆ ಬೆರಳೇ ಹೋದೀತು.

ಪ್ರಶ್ನೆ ಕೇಳಿದವರು:
ಗ್ಲ್ಯಾಂಡಿನ (ರಾಡ್ ಹೊರಬರುವ ಸಿಲಿಂಡರಿನ ಬಾಯಿಯ) ಹತ್ತಿರವೇ ಉಗುರು ಸಿಕ್ಕಿತು. ರಾಡ್ ಬಿಚ್ಚಿ ಮಂಗಳೂರಿಗೆ ಒಯ್ಯುತ್ತೇನೆ. ಪಿಸ್ಟನ್ ಸೀಲನ್ನೂ ಬದಲಿಸುತ್ತೇನೆ.