ಸಹಾಯ ಬೇಕು: ಗಾಲ್ಫ್‌ನಲ್ಲಿ ಡೌನ್‌ಸ್ವಿಂಗ್ (ಮೇಲೆತ್ತಿದ ಕ್ಲಬ್ ಚೆಂಡಿನತ್ತ ಇಳಿಯೋದು) ಶುರುವಾಗಬೇಕಾದ್ದು ಸೊಂಟದಿಂದಲಾ, ಕೈಯಿಂದಲಾ?

ಬಲಗೈ ಆಟ. 7 ಐರನ್ (ಮಧ್ಯಮ ದೂರದ ಕ್ಲಬ್) ಹೊಡೆದರೆ ಚೆಂಡು ನೆಟ್ಟಗೆ ಹೋಗುತ್ತೆ. ಡ್ರೈವರ್ (ಅತಿ ದೂರ ಹೊಡೆಯೋ ಉದ್ದನೆ ಕ್ಲಬ್) ಹಿಡಿದರೆ ಚೆಂಡು ಎಡಕ್ಕೆ ಹೊರಟು ಬಲಕ್ಕೆ ತಿರುಗುತ್ತೆ, ಅಂದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಬರ್ತಿದೆ, ಫೇಸ್ (ಚೆಂಡಿಗೆ ತಾಗೋ ಮುಖ) ಆ ದಾರಿಗಿಂತ ತೆರೆದಿದೆ, ಅಂದರೆ ಬಲಕ್ಕೆ ನೋಡ್ತಿದೆ. ಗ್ರಿಪ್ ಬದಲಿಸಿದ್ದಾಯ್ತು, ಈಗ ಮೇಲಿಂದ ನೋಡಿದರೆ ಎಡಗೈಯ ಮೂರು ಗೆಣ್ಣು ಕಾಣುತ್ತೆ. ಚೆಂಡು ಎಡ ಹಿಮ್ಮಡಿಯ ನೇರಕ್ಕೇ ಇದೆ. ಚೆಂಡಿನ ಆಚೆ, ಸ್ವಲ್ಪ ಹಿಂದೆ ಹೆಡ್‌ಕವರ್ (ಕ್ಲಬ್ ತಲೆಗೆ ಹಾಕೋ ಚೀಲ) ಇಟ್ಟು ಅರ್ಧ ಸ್ವಿಂಗ್ ಮಾಡಿದರೆ ತಾಗೋದೇ ಇಲ್ಲ. ಪೂರ್ತಿ ಸ್ವಿಂಗ್‌ಗೆ ಕವರ್ ಪ್ರತಿ ಸಲ ಹಾರಿಹೋಗುತ್ತೆ.

ಗೊಂದಲ ಇಲ್ಲೇ. ಪುಸ್ತಕದಲ್ಲಿ ಸೊಂಟ ಮೊದಲು ತಿರುಗಲಿ ಅಂತಿದೆ. ಕೋಚ್ ಬೆನ್ನು ಗುರಿಯ ಕಡೆಗೇ ಇರಲಿ, ಕೈ ಮೊದಲು ಇಳಿಯಲಿ ಅಂತಾರೆ. ಸೊಂಟ ತಿರುಗಿಸಿದರೆ ಬಲಭುಜವೂ ಜೊತೆಗೇ ಮುಂದೆ ನುಗ್ಗುತ್ತೆ. ಕೈ ಇಳಿಸಿದರೆ ತೂಕ ಬಲಗಾಲಲ್ಲೇ ಉಳಿದು ಚೆಂಡಿನ ತಲೆ ಸವರಿಹೋಗುತ್ತೆ.

ಎಡಗಾಲಿಗೆ ತೂಕ, ಸೊಂಟ, ಕೈ: ಡ್ರೈವರ್‌ಗೆ ಯಾವುದು ಮೊದಲು? ಆ ಕ್ರಮ ಕೂರಿಸೋಕೆ ಒಂದೇ ಒಂದು ಡ್ರಿಲ್ ಹೇಳ್ತೀರಾ?